ಗೂಡು ಮೂರು, ಜೋಡಿ ಎಷ್ಟು?

ಹಕ್ಕಿ ಹಿಡಿದು, ಕಾಲಿಗೆ ನಂಬರ್ ಇರುವ ರಿಂಗ್ ಹಾಕಿ ಬಿಡುತ್ತಾರೆ, ಆಮೇಲೆ ಅದೇ ಹಕ್ಕಿಯನ್ನು ಮತ್ತೆ ಹಿಡಿದು ನೋಡುತ್ತಾರೆ ಅಂತ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಪತ್ರಗಳು ರಾಶಿ ಬಂದಿವೆ. ಕೆಲವರಿಗೆ ಕುತೂಹಲ, ಕೆಲವರಿಗೆ ಕೋಪ, ಒಬ್ಬರಿಗಂತೂ ಗೂಢಚಾರರ ಅನುಮಾನ. ಎಲ್ಲಕ್ಕೂ ಜಾಗ ಸಾಲುವುದಿಲ್ಲ, ಆರಿಸಿದ ಕೆಲವು ಇಲ್ಲಿವೆ.

ಪ್ರಶ್ನೆ: ನಮ್ಮ ಬಾಲ್ಕನಿಯ ದಾಸವಾಳದ ಗಿಡದಲ್ಲಿ ಈ ವರ್ಷ ಮೂರು ಸಲ ಪಿಕಳಾರ ಗೂಡು ಕಟ್ಟಿತು. ಮೊದಲೆರಡು ಗೂಡಿನ ಮೊಟ್ಟೆ ಹೋದವು, ಮೂರನೆಯದರಲ್ಲಿ ಎರಡು ಮರಿ ಹಾರಿದವು. ಮೂರು ಬೇರೆ ಬೇರೆ ಜೋಡಿ ಬಂದಿದ್ದವು ಅಂತ ನಾನು, ಬಂದಿದ್ದು ಒಂದೇ ಜೋಡಿ ಅಂತ ನಮ್ಮತ್ತೆ. ಯಾರು ಸರಿ? ಹೋದ ವರ್ಷ ಬಂದವೂ ಇವೇನಾ? ಗುರುತಿಗೆ ಕಾಲಿಗೊಂದು ಬಣ್ಣದ ದಾರ ಕಟ್ಟಬಹುದಾ?
(ಬನಶಂಕರಿಯ ಓದುಗರು)

ಉತ್ತರ: ನನ್ನ ವೋಟು ನಿಮ್ಮತ್ತೆಗೆ. ಗೂಡು ಹಾಳಾದರೆ ಅದೇ ಜೋಡಿ ಸ್ವಲ್ಪ ದಿನದಲ್ಲೇ ಹತ್ತಿರದಲ್ಲೆಲ್ಲೋ ಮತ್ತೆ ಕಟ್ಟುವುದು ಪಿಕಳಾರಗಳಲ್ಲಿ ಸಾಮಾನ್ಯ. ಎರಡೋ ಮೂರೋ ಮೊಟ್ಟೆ, ಸುಮಾರು 12 ದಿನ ಕಾವು, ಮತ್ತೆ ಹೆಚ್ಚುಕಡಿಮೆ ಅಷ್ಟೇ ದಿನದಲ್ಲಿ ಮರಿ ಗೂಡು ಬಿಡುತ್ತದೆ. ಎಲ್ಲ ಸರಿಯಾದರೆ ಒಂದು ತಿಂಗಳೊಳಗೆ ಮುಗಿಯುವ ಸಂಸಾರ. ಕಾಗೆ, ಬೆಕ್ಕು, ಕೆಂಬೂತ ಬಿಡಬೇಕಲ್ಲ!

ಆದರೆ ಇದು ಬರೀ ವೋಟು, ಸಾಕ್ಷಿ ಏನೂ ಇಲ್ಲ. ನಿಮ್ಮಿಬ್ಬರ ಜಗಳ ಸಣ್ಣದೇನಲ್ಲ, ಹಕ್ಕಿ ಸಂತಾನದ ಲೆಕ್ಕ ಹಾಕುವವರೆಲ್ಲ ಎಡವುವುದು ಇಲ್ಲೇ. ಮೂರೂ ಗೂಡು ಒಂದೇ ಜೋಡಿಯದಾದರೆ ಆ ಜೋಡಿಗೆ ಈ ವರ್ಷ ಎರಡು ಮರಿ ದಕ್ಕಿದವು, ಪರವಾಗಿಲ್ಲ. ಮೂರು ಜೋಡಿಯದಾದರೆ ಎರಡು ಜೋಡಿಗೆ ಏನೂ ದಕ್ಕಲಿಲ್ಲ. ಬಾಲ್ಕನಿಯಲ್ಲಿ ಕಂಡದ್ದು ಎರಡೂ ಲೆಕ್ಕಕ್ಕೆ ಹೊಂದುತ್ತದೆ. ಬರೀ ಗೂಡು ಎಣಿಸುತ್ತಾ ಹೋದರೆ 'ಅಬ್ಬಾ, ಈ ವರ್ಷ ಎಷ್ಟೊಂದು ಗೂಡು' ಅಂತ ಖುಷಿಪಡುತ್ತೇವೆ, ಆದರೆ ಅಷ್ಟೊಂದು ಗೂಡು ಕಾಣುವುದಕ್ಕೆ ಕಾರಣವೇ ಒಂದಾದ ಮೇಲೊಂದು ಹಾಳಾಗುತ್ತಿರುವುದು ಇರಬಹುದು, ಅಲ್ವಾ? ಹಕ್ಕಿಯ ಕಾಲಲ್ಲಿ ನಂಬರ್ ಇದ್ದಿದ್ದರೆ ಈ ಜಗಳ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಹೋದ ವರ್ಷದ ಹಕ್ಕಿಯೇ ಇದು ಅಂತ ಹೇಳುವುದಕ್ಕೂ ಅದೇ ನಂಬರ್ ಬೇಕು.

ದಾರ ಮಾತ್ರ ಬೇಡವೇ ಬೇಡ. ಬಿಗಿದುಕೊಂಡರೆ ರಕ್ತ ಓಡುವುದು ನಿಂತು ಬೆರಳು ಉದುರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಮೊಂಡುಗಾಲಿನ ಪಾರಿವಾಳ ನೋಡಿರುತ್ತೀರಿ, ಬಹಳ ಸಲ ಅದು ದಾರವೋ ಕೂದಲೋ ಸುತ್ತಿಕೊಂಡು ಆದದ್ದು. ಜೊತೆಗೆ ಕಾನೂನು ಬೇರೆ ಇದೆ, ಮುಂದೆ ಹೇಳುತ್ತೇನೆ. ನೀವು ಮಾಡಬಹುದಾದದ್ದು ಇಷ್ಟು: ಗೂಡು ಮುಟ್ಟದೆ, ಪದೇ ಪದೇ ಹತ್ತಿರ ಹೋಗದೆ, ಮೊಟ್ಟೆ ಕಂಡ ದಿನ, ಮರಿ ಕಂಡ ದಿನ, ಗೂಡು ಖಾಲಿಯಾದ ದಿನ ಕ್ಯಾಲೆಂಡರಿನಲ್ಲಿ ಬರೆಯಿರಿ. ಹಾರಿದ ಮರಿಗಳನ್ನು ಗುರುತಿಸುವುದು ಸುಲಭ. ಕೆಮ್ಮೀಸೆ ಪಿಕಳಾರದ ಮರಿಗೆ ಕಣ್ಣಿನ ಹಿಂದಿನ ಕೆಂಪು ಚುಕ್ಕೆ ಇನ್ನೂ ಬಂದಿರುವುದಿಲ್ಲ, ಬಾಲದ ಬುಡವೂ ಅಚ್ಚಗೆಂಪು ಇರದೆ ಮಾಸಲು ಕಿತ್ತಳೆ ಇರುತ್ತದೆ.

ಪ್ರಶ್ನೆ: ಬಲೆಗೆ ಬಿದ್ದ ಹಕ್ಕಿ ಎಣಿಸಿದರೆ ಎಷ್ಟು ಹಕ್ಕಿ ಇವೆ ಅಂತ ಗೊತ್ತಾಗಬಹುದು. ಎಷ್ಟು ಮರಿ ಬದುಕಿದವು ಅಂತ ಹೇಗೆ ಗೊತ್ತಾಗುತ್ತದೆ? ಗೂಡು ನೋಡದೇ?
(ವಿಜಯನಗರದ ಓದುಗರು)

ಉತ್ತರ: ಗೂಡು ನೋಡದೇ ಗೊತ್ತಾಗುತ್ತದೆ ಅನ್ನುವುದೇ ಇದರ ಮಜಾ. ಗೂಡು ಹುಡುಕಿ ಲೆಕ್ಕ ಹಾಕಿದರೆ ಸುಲಭವಾಗಿ ಸಿಗುವ ಗೂಡುಗಳೇ ಲೆಕ್ಕಕ್ಕೆ ಬರುತ್ತವೆ, ನಮಗೆ ಸುಲಭವಾಗಿ ಸಿಕ್ಕಿದ್ದು ಕಾಗೆಗೂ ಸುಲಭವಾಗಿ ಸಿಕ್ಕಿರುತ್ತದೆ.

ಬ್ರಿಟನ್ನಿನಲ್ಲಿ ಬಿಟಿಒ, ಅಂದರೆ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ, 1983ರಿಂದ ಒಂದು ಯೋಜನೆ ನಡೆಸುತ್ತಿದೆ. ಅಲ್ಲಿ ಹಕ್ಕಿಗಳು ಮರಿ ಮಾಡುವ ಕಾಲ ಮೇಯಿಂದ ಆಗಸ್ಟ್. ಆ ನಾಲ್ಕು ತಿಂಗಳಲ್ಲಿ 12 ಸಲ ಒಂದೇ ಜಾಗಕ್ಕೆ ಹೋಗುತ್ತಾರೆ. ಅದೇ ಪೊದೆ ಪಕ್ಕ, ಅಷ್ಟೇ ಉದ್ದದ ಮಿಸ್ಟ್ ನೆಟ್ (ಹಕ್ಕಿಯ ಕಣ್ಣಿಗೆ ಬೀಳದಷ್ಟು ತೆಳು ದಾರದ ಬಲೆ), ಅಷ್ಟೇ ಹೊತ್ತು. ವರ್ಷ ವರ್ಷವೂ ಹೀಗೇ. ಅಮೆರಿಕದಲ್ಲಿ ಮ್ಯಾಪ್ಸ್ ಅನ್ನುವ ಇದೇ ಥರದ ಯೋಜನೆ 1989ರಲ್ಲಿ ಶುರುವಾಯಿತು, ಅಲ್ಲಿ ಸಾಮಾನ್ಯವಾಗಿ ಒಂದು ಜಾಗಕ್ಕೆ 10 ನೆಟ್, ಸುಮಾರು ಹತ್ತು ದಿನಕ್ಕೊಂದು ಬೆಳಗ್ಗೆ. ಕೇಳಿದರೆ ಬೇಜಾರು ಹಿಡಿಸುವ ಕೆಲಸ. ಆದರೆ ಈ ವರ್ಷ ಎರಡು ನೆಟ್ ಜಾಸ್ತಿ ಕಟ್ಟಿಬಿಟ್ಟರೆ ಹಕ್ಕಿ ಜಾಸ್ತಿ ಸಿಕ್ಕಿದ್ದು ಹಕ್ಕಿ ಹೆಚ್ಚಾಗಿದ್ದಕ್ಕೋ ನೆಟ್ ಹೆಚ್ಚಾಗಿದ್ದಕ್ಕೋ ಅಂತ ಯಾರೂ ಹೇಳಲಾಗದು. ಹಾಗಾಗಿ ಏನೂ ಬದಲಾಯಿಸುವಂತಿಲ್ಲ.

ಕೈಗೆ ಬಂದ ಹಕ್ಕಿ ತುಂಬ ಹೇಳುತ್ತದೆ. ಆ ವರ್ಷ ಹುಟ್ಟಿದ್ದಾದರೆ ಬಾಯಿಯ ಅಂಚಿನಲ್ಲಿ ಇನ್ನೂ ಹಳದಿ ಇರಬಹುದು, ಗರಿಗಳು ಸಡಿಲವಾಗಿ ಹತ್ತಿಯ ಥರ ಇರುತ್ತವೆ. ದೊಡ್ಡದಾದರೆ ಹೊಟ್ಟೆಯ ಗರಿಗಳನ್ನು ಮೆಲ್ಲಗೆ ಊದಿ ನೋಡುತ್ತಾರೆ. ಕಾವು ಕೂರುವ ಹಕ್ಕಿಯ ಹೊಟ್ಟೆ ಮೇಲೆ ಗರಿ ಉದುರಿ ಬೋಳಾಗಿರುತ್ತದೆ, ಚರ್ಮ ಉಬ್ಬಿ ರಕ್ತನಾಳ ಎದ್ದು ಕಾಣುತ್ತದೆ, ಮೊಟ್ಟೆಗೆ ನೇರ ಬಿಸಿ ಮುಟ್ಟಲಿ ಅಂತ. ಗೂಡು ಎಲ್ಲಿದೆಯೋ ಗೊತ್ತಿಲ್ಲದಿದ್ದರೂ ಎಲ್ಲೋ ಒಂದು ಗೂಡು ಇದೆ ಅಂತ ಗೊತ್ತಾಯಿತಲ್ಲ. ಹೀಗೆ ಇಡೀ ಸೀಸನ್ ಸಿಕ್ಕ ಮರಿ ಎಷ್ಟು, ದೊಡ್ಡವು ಎಷ್ಟು ಅಂತ ಭಾಗಿಸಿದರೆ ಆ ವರ್ಷದ ಫಸಲು ಎಂಥದ್ದು ಅಂತ ತಿಳಿಯುತ್ತದೆ. ಇನ್ನು ಹೋದ ವರ್ಷ ರಿಂಗ್ ಹಾಕಿದ ದೊಡ್ಡ ಹಕ್ಕಿಗಳಲ್ಲಿ ಎಷ್ಟು ವಾಪಸ್ ಸಿಕ್ಕವು ಅನ್ನುವುದರಿಂದ ಎಷ್ಟು ಬದುಕಿ ಉಳಿದವು ಅಂತ ಅಂದಾಜು ಮಾಡುತ್ತಾರೆ.

ಹುಟ್ಟು ಬೇರೆ, ಸಾವು ಬೇರೆ ಲೆಕ್ಕ ಸಿಕ್ಕಿತು ನೋಡಿ, ಇದಕ್ಕೇ ಇಷ್ಟೆಲ್ಲ ಕಷ್ಟ. 'ಹಕ್ಕಿ ಕಮ್ಮಿ ಆಗಿವೆ' ಅಂತ ಬೆಂಗಳೂರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ, ಆಟೋ ಡ್ರೈವರೂ ಹೇಳುತ್ತಾರೆ. ಮರಿ ಹುಟ್ಟುತ್ತಿಲ್ಲವೋ, ಹುಟ್ಟಿ ದೊಡ್ಡವಾದವು ಸಾಯುತ್ತಿವೆಯೋ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಬ್ರಿಟನ್ನಿನ ಸೆಜ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿಯ ಕಥೆ ಕೇಳಿ. ಬೇಸಿಗೆಯಲ್ಲಿ ಅಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತದೆ. ರಿಂಗ್ ಹಾಕಿದವು ಮತ್ತೆ ಸಿಕ್ಕಿದ ಲೆಕ್ಕ ಕೂಡಿಸಿ ನೋಡಿದಾಗ, ಆಫ್ರಿಕಾದ ಸಾಹೇಲ್ ಕಡೆ ಮಳೆ ಕೈಕೊಟ್ಟ ವರ್ಷ ವಾಪಸ್ ಬರುವ ದೊಡ್ಡ ಹಕ್ಕಿಗಳು ಕಮ್ಮಿ ಅಂತ ಕಂಡಿತು. ಅಂಥ ವರ್ಷ ಅದು ಗೂಡು ಕಟ್ಟುವ ಇಂಗ್ಲೆಂಡಿನ ಜೊಂಡನ್ನು ಎಷ್ಟು ಚೆನ್ನಾಗಿ ಕಾದರೂ ನಷ್ಟ ತುಂಬುವುದು ಕಷ್ಟ.

ನಮ್ಮೂರಲ್ಲಿ ಇದು ಉಲ್ಟಾ. ಸೆಪ್ಟೆಂಬರ್ ಹೊತ್ತಿಗೆ ಬಂದು ಬೇಲಿ, ಪೊದೆಗಳಲ್ಲಿ 'ಟಕ್ ಟಕ್' ಅಂತ ಕೂತಿರುವ ಕಂದು ಬಣ್ಣದ ಬ್ಲೈತ್ಸ್ ರೀಡ್ ವಾರ್ಬ್ಲರ್ ಇದೆಯಲ್ಲ, ಅದು ಮರಿ ಮಾಡುವುದು ರಷ್ಯಾ, ಮಧ್ಯ ಏಷ್ಯಾ ಕಡೆ. ಹೆಸರಘಟ್ಟದ ಕುರುಚಲು, ಕೆರೆ ಅಂಚಿನ ಲಂಟಾನ, ಖಾಲಿ ಸೈಟಿನ ಮುಳ್ಳುಗಿಡ ಇವು ಅದರ ಆಫ್ರಿಕಾ. ಇಲ್ಲಿ ಸೈಟು 'ಕ್ಲೀನ್' ಮಾಡಿದರೆ ಲೆಕ್ಕದಲ್ಲಿ ಕೊರತೆ ಕಾಣುವುದು ಅಲ್ಲಿ.

ಹಾಗಾದರೆ ಅದೇ ಯೋಜನೆಯನ್ನು ಇಲ್ಲೂ ಮಾಡಿದರಾಯಿತಲ್ಲ ಅಂತೀರಾ? ನೇರವಾಗಿ ಎತ್ತಿ ತಂದರೆ ಆಗದು. ಮೇಯಿಂದ ಆಗಸ್ಟ್ ಅಂತ ಇಲ್ಲಿ ಗೆರೆ ಎಳೆಯಲು ಬರುವುದಿಲ್ಲ. ಪಿಕಳಾರ ಡಿಸೆಂಬರಿನಿಂದಲೇ ಶುರು, ಗೀಜಗ ಮಳೆಗಾಲಕ್ಕೆ ಕಾಯುತ್ತದೆ, ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳದು ಚಳಿಗಾಲದಿಂದ ಬೇಸಿಗೆವರೆಗೆ. ಒಂದು ಜಾತಿಗೆ ಹೊಂದುವ ವೇಳಾಪಟ್ಟಿ ಪಕ್ಕದ ಮರದ ಜಾತಿಗೆ ಹೊಂದದು. ಇನ್ನು ಜಾಗದ ವಿಷಯ. ಹತ್ತು ವರ್ಷ ಒಂದೇ ಪೊದೆ ಪಕ್ಕ ನೆಟ್ ಕಟ್ಟಬೇಕು ಅಂದರೆ ಆ ಪೊದೆ ಹತ್ತು ವರ್ಷ ಅಲ್ಲೇ ಇರಬೇಕು. ಬೆಂಗಳೂರಿನಲ್ಲಿ ಅದು ಅಪಾರ್ಟ್‌ಮೆಂಟ್ ಆಗಿರುವುದಿಲ್ಲ ಅಂತ ಬರೆದುಕೊಡುವವರು ಯಾರು?

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ರಿಟೈರ್ ಆದವನು, ಲೆಕ್ಕ ಹೇಳಿ. ನೂರು ಹಕ್ಕಿಗೆ ರಿಂಗ್ ಹಾಕಿ ಮುಂದಿನ ವರ್ಷ ಮೂವತ್ತು ಸಿಕ್ಕರೆ ಎಪ್ಪತ್ತು ಸತ್ತವು ಅಂತ ತಾನೆ?
(ರಾಜಾಜಿನಗರದ ಓದುಗರು)

ಉತ್ತರ: ಇಲ್ಲ ಸಾರ್. ಬ್ಯಾಂಕಿಗೆ ಈ ವರ್ಷ ಬಾರದ ಗ್ರಾಹಕರೆಲ್ಲ ತೀರಿಕೊಂಡರು ಅಂತ ಖಾತೆ ಮುಚ್ಚುತ್ತಿದ್ದಿರಾ? ಬದುಕಿದ್ದೂ ಬಲೆಗೆ ಬೀಳದೆ ಪಕ್ಕದ ಮರದಲ್ಲಿ ಕೂತವು ಇರುತ್ತವೆ. ಅವು ಎಷ್ಟು ಅಂತ ಕಂಡುಹಿಡಿಯಲು ಮೂರನೇ ವರ್ಷದವರೆಗೆ ಕಾಯಬೇಕು.

ನಿಮ್ಮ ನೂರು, ಮೂವತ್ತನ್ನೇ ಇಟ್ಟುಕೊಳ್ಳೋಣ. ಮೂರನೇ ವರ್ಷ ಆ ನೂರರಲ್ಲಿ 20 ಸಿಕ್ಕವು ಅಂದುಕೊಳ್ಳಿ. ಈ 20 ಹಕ್ಕಿ ಎರಡನೇ ವರ್ಷವೂ ಬದುಕಿದ್ದವು, ಅದರಲ್ಲಿ ಅನುಮಾನವಿಲ್ಲ. ಪುಸ್ತಕ ತೆಗೆದು ನೋಡಿದರೆ ಇವುಗಳಲ್ಲಿ 12 ಎರಡನೇ ವರ್ಷ ಬಲೆಗೆ ಸಿಕ್ಕಿದ್ದವು, 8 ತಪ್ಪಿಸಿಕೊಂಡಿದ್ದವು. ಅಂದರೆ ಎರಡನೇ ವರ್ಷ ಬದುಕಿದ್ದ ಹಕ್ಕಿಗಳಲ್ಲಿ ನೂರಕ್ಕೆ 60 ಮಾತ್ರ ನಮ್ಮ ಕೈಗೆ ಸಿಗುತ್ತಿದ್ದವು. ಆ ವರ್ಷ ಸಿಕ್ಕಿದ್ದು 30. ಮೂವತ್ತನ್ನು 0.6ರಿಂದ ಭಾಗಿಸಿ: 50. ಎಪ್ಪತ್ತಲ್ಲ, ಸತ್ತದ್ದು ಐವತ್ತರ ಹತ್ತಿರ. 1960ರ ದಶಕದಲ್ಲಿ ಕಾರ್ಮ್ಯಾಕ್, ಜಾಲಿ, ಸೆಬರ್ ಅನ್ನುವ ಮೂವರು ಈ ಯೋಚನೆಗೆ ಸರಿಯಾದ ಗಣಿತ ಕಟ್ಟಿದರು, ಇವತ್ತಿಗೂ ಅವರ ಹೆಸರಲ್ಲೇ ನಡೆಯುತ್ತಿದೆ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಊರು ಬಿಟ್ಟು ಹೋದ ಹಕ್ಕಿ, ಸತ್ತ ಹಕ್ಕಿ ಎರಡೂ ಈ ಲೆಕ್ಕದಲ್ಲಿ ಒಂದೇ ಥರ ಕಾಣುತ್ತವೆ. ದೊಡ್ಡವು ಬಹಳ ಸಲ ಹಳೇ ಜಾಗಕ್ಕೇ ಬರುತ್ತವೆ. ಮರಿಗಳು ಚೆದುರಿಹೋಗುತ್ತವೆ, ಅದಕ್ಕೇ ಮರಿಗಳ ಉಳಿವಿನ ಅಂಕಿ ನೋಡುವಾಗ ಸ್ವಲ್ಪ ಅನುಮಾನ ಇಟ್ಟುಕೊಂಡೇ ನೋಡಬೇಕು.

ಪ್ರಶ್ನೆ: ಮರಿಗೆ ತುತ್ತು ತರಲು ಹೊರಟ ತಾಯಿಯನ್ನು ಬಲೆಗೆ ಕೆಡವಿ ಕಾಲಿಗೆ ಕಬ್ಬಿಣ ಹಾಕುವುದು ಯಾವ ಸೀಮೆ ಪ್ರೀತಿ? ಸಂಶೋಧನೆ ಹೆಸರಲ್ಲಿ ಹಿಂಸೆ ಅಷ್ಟೇ.
(ಮಲ್ಲೇಶ್ವರದ ಓದುಗರು)

ಉತ್ತರ: ಕಬ್ಬಿಣ ಅಲ್ಲ ಮೇಡಂ, ಸಣ್ಣ ಹಕ್ಕಿಗೆ ಹಾಕುವುದು ಹಗುರವಾದ ಅಲ್ಯೂಮಿನಿಯಂ. ಆದರೆ ನಿಮ್ಮ ಸಿಟ್ಟಿನಲ್ಲಿ ಅರ್ಥವಿದೆ. ನೆಟ್ ಕಟ್ಟಿದವರು ಕಾಫಿ ಕುಡಿಯಲು ಹೋಗುವಂತಿಲ್ಲ, ಆಗಾಗ ಸುತ್ತು ಹಾಕಿ ಬಿಡಿಸುತ್ತಿರಬೇಕು. ಮಳೆ, ಬಿರುಬಿಸಿಲಿನಲ್ಲಿ ನೆಟ್ ಮುಚ್ಚಬೇಕು. ಬಿಡಿಸಿದ್ದನ್ನು ಬಟ್ಟೆಯ ಚೀಲದಲ್ಲಿಟ್ಟು, ತೂಕ, ರೆಕ್ಕೆಯ ಅಳತೆ ತೆಗೆದು ಬೇಗ ಬಿಡಬೇಕು. ಕಾವಿನ ಹಕ್ಕಿಯಾದರೆ ಇನ್ನೂ ಬೇಗ, ಸಾಲು ತಪ್ಪಿಸಿ ಮೊದಲು.

ಇಷ್ಟಾದರೂ ಸಾವು ನೋವು ಇಲ್ಲವೇ ಇಲ್ಲ ಅನ್ನುವುದು ಸುಳ್ಳು. ಅಮೆರಿಕ, ಕೆನಡಾದ 22 ರಿಂಗಿಂಗ್ ತಂಡಗಳ ಆರು ಲಕ್ಷಕ್ಕೂ ಹೆಚ್ಚು ದಾಖಲೆ ಜಾಲಾಡಿ 2012ರಲ್ಲಿ ಒಂದು ಅಧ್ಯಯನ ಬಂತು. ಮಿಸ್ಟ್ ನೆಟ್‌ನಲ್ಲಿ ಹಿಡಿದಾಗ ಗಾಯವಾದದ್ದು ನೂರಕ್ಕೆ 0.59, ಸತ್ತದ್ದು 0.23. ಸಣ್ಣ ಅಂಕಿ, ಸೊನ್ನೆ ಅಲ್ಲ. ಪೆಂಗ್ವಿನ್‌ಗಳ ವಿಷಯ ಇನ್ನೂ ಕೆಟ್ಟದ್ದು. ಅವುಗಳ ಕಾಲು ಗಿಡ್ಡ, ಹಾಗಾಗಿ ರೆಕ್ಕೆಗೆ ಪಟ್ಟಿ ಹಾಕುತ್ತಿದ್ದರು. ಕಿಂಗ್ ಪೆಂಗ್ವಿನ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದರೆ, ಪಟ್ಟಿ ಇದ್ದವು ಪಟ್ಟಿ ಇಲ್ಲದವುಗಳಿಗಿಂತ ನೂರಕ್ಕೆ 39ರಷ್ಟು ಕಮ್ಮಿ ಮರಿ ಮಾಡಿದ್ದವು, ಬದುಕುಳಿದದ್ದೂ ಕಮ್ಮಿ. 2011ರಲ್ಲಿ ಇದು ಹೊರಬಿತ್ತು. ಮರಿ ಎಣಿಸಲು ಹಾಕಿದ ಪಟ್ಟಿಯೇ ಮರಿ ಕಡಿಮೆ ಮಾಡಿದರೆ ಆ ಲೆಕ್ಕ ಇಟ್ಟುಕೊಂಡು ಏನು ಮಾಡುವುದು? ಇನ್ನೊಂದು ತಮಾಷೆಯೂ ಇದೆ: ಪಂಜರದ ಜೀಬ್ರಾ ಫಿಂಚ್‌ಗಳಲ್ಲಿ ಕೆಂಪು ರಿಂಗ್ ಹಾಕಿದ ಗಂಡುಗಳನ್ನು ಹೆಣ್ಣುಗಳು ಜಾಸ್ತಿ ಮೆಚ್ಚಿದವು. ಬಣ್ಣ ಆರಿಸುವಾಗ ಅದನ್ನೂ ಯೋಚಿಸಬೇಕು!

ನನ್ನ ಅಭಿಪ್ರಾಯ ಕೇಳಿದರೆ: ಒಂದೆರಡು ದಿನ ನೆಟ್ ಕಟ್ಟಿ, ಹಕ್ಕಿ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡು ಹೋಗುವುದಾದರೆ ನಿಮ್ಮ ಮಾತಿಗೇ ನನ್ನ ಸಹಿ. ವರ್ಷಗಟ್ಟಲೆ ಅದೇ ಜಾಗಕ್ಕೆ ಹೋಗಿ, ಮತ್ತೆ ಹಿಡಿದು, ಲೆಕ್ಕ ಮುಗಿಸುವವರಿಗೆ ಮಾತ್ರ ಆ ತೊಂದರೆ ಕೊಡುವ ಹಕ್ಕು ಇದೆ. ಬಣ್ಣದ ರಿಂಗ್ ಹಾಕಿದರೆ ಎರಡನೇ ಸಲ ಹಿಡಿಯುವುದೂ ಬೇಡ, ಬೈನಾಕ್ಯುಲರಿನಲ್ಲೇ ಓದಬಹುದು.

ಪ್ರಶ್ನೆ: ರಿಂಗ್ ಹಾಕಿದ ಹಕ್ಕಿ ಎಷ್ಟು ವರ್ಷ ಬದುಕಿದ್ದಿದೆ?
(ಕೆಂಗೇರಿಯ ಒಂಬತ್ತನೇ ಕ್ಲಾಸಿನ ಓದುಗ)

ಉತ್ತರ: ವಿಸ್ಡಮ್ ಅನ್ನುವ ಲೇಸಾನ್ ಆಲ್ಬಟ್ರಾಸ್. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 1956ರ ಡಿಸೆಂಬರಿನಲ್ಲಿ ಪಕ್ಷಿವಿಜ್ಞಾನಿ ಚಾಂಡ್ಲರ್ ರಾಬಿನ್ಸ್ ಅದಕ್ಕೆ ರಿಂಗ್ ಹಾಕಿದರು. ಆಗಲೇ ಅದಕ್ಕೆ ಕನಿಷ್ಠ ಐದು ವರ್ಷ. 2002ರಲ್ಲಿ ಅದೇ ರಾಬಿನ್ಸ್ ಕೈಗೆ ಅದೇ ಹಕ್ಕಿ ಮತ್ತೆ ಸಿಕ್ಕಿತು. 2024ರ ಕೊನೆಗೆ ಇನ್ನೊಂದು ಮೊಟ್ಟೆ ಇಟ್ಟಿತು, ಎಪ್ಪತ್ತು ದಾಟಿದ ಮೇಲೆ! ಉಪ್ಪುನೀರಿಗೆ ರಿಂಗ್ ಸವೆಯುತ್ತದೆ, ಹಾಗಾಗಿ ನಡುವೆ ಹಲವು ಸಲ ಬದಲಾಯಿಸಿದ್ದಾರೆ. ಹಳೇ ನಂಬರನ್ನು ಹೊಸದರ ಪಕ್ಕ ಬರೆದಿಟ್ಟವರು ಒಮ್ಮೆ ಮರೆತಿದ್ದರೂ ಸಾಕಿತ್ತು, ಇದರ ವಯಸ್ಸು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ನೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಕಾಲೇಜಿನ ಹಿಂದಿನ ತೋಪಿನಲ್ಲಿ ಶುರು ಮಾಡಬಹುದಾ? ನಮ್ಮ ದೇಶದಲ್ಲಿ ಇದನ್ನು ಯಾರು ಮಾಡುತ್ತಾರೆ?
(ಯಲಹಂಕದ ಓದುಗಿ)

ಉತ್ತರ: ಮಾಡಬೇಡಮ್ಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿಯುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ, ಮೊಟ್ಟೆ, ಗೂಡು ಹಾಳುಮಾಡುವುದೂ ಅಷ್ಟೇ. ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅದು ಸಿಗುವುದು ಸರಿಯಾದ ಸಂಶೋಧನೆಗೆ. ಕಾನೂನು ಹಾಗಿರಲಿ, ಬಲೆಯಿಂದ ಹಕ್ಕಿ ಬಿಡಿಸುವುದು ವಿಡಿಯೋ ನೋಡಿ ಬರುವ ವಿದ್ಯೆ ಅಲ್ಲ. ಬಲ್ಲವರ ಪಕ್ಕ ಕೂತು ಕಲಿಯಬೇಕು.

ಡೆನ್ಮಾರ್ಕಿನ ಶಾಲಾ ಮೇಷ್ಟ್ರು ಹಾನ್ಸ್ ಮಾರ್ಟೆನ್ಸನ್ 1899ರಲ್ಲಿ ಸ್ಟಾರ್ಲಿಂಗ್ ಹಕ್ಕಿಗಳಿಗೆ ನಂಬರ್ ಇರುವ ಅಲ್ಯೂಮಿನಿಯಂ ರಿಂಗ್ ಹಾಕಿದ್ದು ಈ ಪದ್ಧತಿಯ ಶುರು. ನಮ್ಮಲ್ಲಿ ಮುಂಬೈನ ಬಿಎನ್‌ಎಚ್‌ಎಸ್, ಅಂದರೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, 1927ರಿಂದ ಮಾಡುತ್ತಿದೆ. ದೊಡ್ಡ ಮಟ್ಟದಲ್ಲಿ ಶುರುವಾದದ್ದು 1959ರಲ್ಲಿ, ಅದರ ಹಿಂದೆ ನಮ್ಮ ಮಲೆನಾಡಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತಲ್ಲ, ಆ ವೈರಸ್ಸಿಗೂ ರಷ್ಯಾದ ಒಂದು ಕಾಯಿಲೆಯ ವೈರಸ್ಸಿಗೂ ಹತ್ತಿರದ ಹೋಲಿಕೆ. ವಲಸೆ ಹಕ್ಕಿಗಳ ಮೈಮೇಲಿನ, ರಕ್ತ ಹೀರುವ ಉಣ್ಣಿಯ ಜೊತೆ ಅದು ಬಂತಾ ಅನ್ನುವ ಅನುಮಾನ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು, ಸಲೀಂ ಅಲಿ ನೇತೃತ್ವದಲ್ಲಿ ಸಾವಿರಗಟ್ಟಲೆ ಹಕ್ಕಿಗಳಿಗೆ ರಿಂಗ್ ಬಿತ್ತು. ಭರತ್‌ಪುರ, ತಮಿಳುನಾಡಿನ ಪಾಯಿಂಟ್ ಕ್ಯಾಲಿಮಿಯರ್ ಇದಕ್ಕೆ ಹೆಸರಾದವು. ಆದರೆ ಒಂದು ಮಾತು: ನಮ್ಮ ರಿಂಗಿಂಗ್ ಕಣ್ಣೆಲ್ಲ ವಲಸೆ ದಾರಿಯ ಮೇಲಿತ್ತು. ಇಲ್ಲೇ ಹುಟ್ಟಿ ಇಲ್ಲೇ ಸಾಯುವ ಪಿಕಳಾರ, ಟುವ್ವಿ, ಮಡಿವಾಳ ಹಕ್ಕಿಗಳ ಮರಿ ಲೆಕ್ಕಕ್ಕೆ ಅಷ್ಟು ಗಮನ ಸಿಗಲಿಲ್ಲ ಅನ್ನುವುದು ನನ್ನ ತಕರಾರು. ನೀನು ಮುಂದೆ ಓದುವುದಾದರೆ ಅಲ್ಲಿ ಕೆಲಸ ಬೇಕಾದಷ್ಟಿದೆ.

ಅಲ್ಲಿವರೆಗೆ ತೋಪಿನಲ್ಲಿ ಒಂದು ದಾರಿ ಗೊತ್ತು ಮಾಡಿಕೊಂಡು, ವಾರಕ್ಕೊಮ್ಮೆ ಅದೇ ಹೊತ್ತಿಗೆ, ಅಷ್ಟೇ ಹೊತ್ತು ನಡೆದು, ಕಂಡ ಹಕ್ಕಿ, ಅದರಲ್ಲಿ ಮರಿ ಎಷ್ಟು, ಬಾಯಲ್ಲಿ ಹುಳ ಹಿಡಿದು ಹೋದದ್ದು ಯಾವುದು ಅಂತ ಬರೆದಿಡು. ಕಂಡ ಹಕ್ಕಿಗಳ ಪಟ್ಟಿಯನ್ನು ಯಾರು ಬೇಕಾದರೂ ಸೇರಿಸಬಹುದಾದ ಈಬರ್ಡ್ ವೆಬ್‌ಸೈಟಿಗೆ ಹಾಕಿದರೆ ಬೇರೆಯವರಿಗೂ ಉಪಯೋಗ. ಪರೀಕ್ಷೆ ವಾರದಲ್ಲೂ ತಪ್ಪಿಸದಿದ್ದರೆ ರಿಂಗಿಂಗಿಗೆ ಬೇಕಾದ ತಾಳ್ಮೆ ಇದೆ ಅಂತ ತಿಳಿದುಕೋ.

ಪ್ರಶ್ನೆ: ನಮ್ಮ ಟೆರೇಸಿಗೆ ಕಾಲಲ್ಲಿ ರಿಂಗ್ ಇರುವ ಪಾರಿವಾಳ ಬಂದಿದೆ. ಇಂಗ್ಲಿಷ್ ಅಕ್ಷರ, ನಂಬರ್ ಇದೆ. ಪಕ್ಕದ ಮನೆಯವರು ಪೊಲೀಸರಿಗೆ ಹೇಳಿ, ಬೇರೆ ದೇಶದ್ದಿರಬಹುದು ಅಂತಿದ್ದಾರೆ.
(ಯಶವಂತಪುರದ ಓದುಗರು)

ಉತ್ತರ: ಪೊಲೀಸರಿಗೆ ಬೇರೆ ಕೆಲಸ ಇದೆ. ಬೆಂಗಳೂರಿನಲ್ಲಿ ಪಾರಿವಾಳ ರೇಸ್ ಬಿಡುವವರು ತಲೆಮಾರುಗಳಿಂದ ಇದ್ದಾರೆ. ಮರಿ ಕೆಲವೇ ದಿನದ್ದಾಗಿದ್ದಾಗ ಜೋಡಣೆ ಇಲ್ಲದ ರಿಂಗನ್ನು ಕಾಲಿಗೆ ತೂರಿಸುತ್ತಾರೆ, ಕಾಲು ದಪ್ಪಗಾದ ಮೇಲೆ ಅದು ಬಿಚ್ಚಿ ಬರುವುದಿಲ್ಲ. ಅದರ ಮೇಲೆ ಕ್ಲಬ್ಬಿನ ಅಕ್ಷರ, ವರ್ಷ, ನಂಬರ್ ಇರುತ್ತದೆ. ಸುಸ್ತಾಗಿ ಇಳಿದಿರುತ್ತದೆ. ನೀರು, ಒಂದು ಹಿಡಿ ಜೋಳ ಇಡಿ, ಬಹುಶಃ ಒಂದೆರಡು ದಿನದಲ್ಲಿ ಹೊರಡುತ್ತದೆ.

ಕಾಡುಹಕ್ಕಿಯ ಕಾಲಲ್ಲಿ ರಿಂಗ್ ಕಂಡರೆ ಮಾತು ಬೇರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಮಂಗೋಲಿಯದಲ್ಲಿ ಕತ್ತಿಗೆ ಕಾಲರ್ ಹಾಕಿದವು ಕಂಡಿವೆ, ಅವುಗಳ ನಂಬರ್ ಓದಿ ತಿಳಿಸಿದವರು ಕೆರೆ ದಂಡೆಯಲ್ಲಿ ನಿಂತು ನೋಡಿದವರೇ. ಹಿಡಿಯಲು ಹೋಗಬೇಡಿ, ಝೂಮ್ ಮಾಡಿ ಫೋಟೋ ತೆಗೆಯಿರಿ. ನಂಬರ್, ಬಣ್ಣ, ಯಾವ ಕಾಲು, ತಾರೀಖು, ಜಾಗ ಇಷ್ಟನ್ನು ಬಿಎನ್‌ಎಚ್‌ಎಸ್‌ಗೆ ಕಳಿಸಿ, ಬೇರೆ ದೇಶದ ರಿಂಗ್ ಆದರೂ ಅವರು ಮುಂದೆ ತಲುಪಿಸುತ್ತಾರೆ. ಹಕ್ಕಿ ಸತ್ತು ಬಿದ್ದಿದ್ದರೂ ತಿಳಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ರಿಂಗಿನ ಎಲ್ಲ ಸುತ್ತಿನ ಫೋಟೋ ಬೇಕು, ಅಕ್ಷರ ಅರ್ಧ ಸವೆದಿದ್ದರೆ ಕಂಡಷ್ಟನ್ನೇ ಬರೆಯಿರಿ, ಊಹೆ ಮಾಡಿ ತುಂಬಿಸಬೇಡಿ.